ಸನ್‌ರೂಫ್ ಉತ್ತರ ಕೊಡಲಿಲ್ಲ ಅಂದಮಾತ್ರಕ್ಕೆ...

ಕಾರಿನ ಸನ್‌ರೂಫ್ ಕೆಟ್ಟಿತು ಅಂತ ಸರ್ವಿಸ್ ಸೆಂಟರಿಗೆ ಹೋದರೆ ಮೊದಲು ಮಾಡೋ ಕೆಲಸ ಸ್ಕ್ಯಾನರ್ ಸಿಕ್ಕಿಸೋದು. ಪರದೆಯ ಮೇಲೆ 'ಯು' ಅಕ್ಷರದಿಂದ ಶುರುವಾಗುವ ಒಂದು ಕೋಡ್ ಬರುತ್ತದೆ. "ಸನ್‌ರೂಫ್ ಮಾಡ್ಯೂಲ್ ಜೊತೆ ಸಂಪರ್ಕ ಇಲ್ಲ ಸಾರ್, ಮಾಡ್ಯೂಲ್ ಹೋಗಿದೆ, ಬದಲಾಯಿಸಬೇಕು." ಐದೇ ನಿಮಿಷದಲ್ಲಿ ತೀರ್ಪು! ಈ ಮಾತಿನಲ್ಲಿ ಸಂಪರ್ಕ ಇಲ್ಲ ಅನ್ನೋದಷ್ಟೇ ನಿಜ, ಉಳಿದದ್ದು ಊಹೆ. ಊಹೆಗೆ ನಾವು ಯಾಕೆ ದುಡ್ಡು ಕೊಡಬೇಕು ಸ್ವಾಮಿ?

ಮೊದಲೆಲ್ಲ ಸ್ವಿಚ್ಚಿನಿಂದ ಮೋಟರಿಗೆ ನೇರವಾಗಿ ವೈರ್ ಹೋಗುತ್ತಿತ್ತು. ಈಗ ಬಹಳಷ್ಟು ಕಾರುಗಳಲ್ಲಿ ಸ್ವಿಚ್ ಒತ್ತಿದರೆ ಅದು ಬರೀ ಒಂದು ವಿನಂತಿ. ಕಾರಿನ ದೊಡ್ಡ ಮಾತುಕತೆಯೆಲ್ಲ ಕ್ಯಾನ್ ಎಂಬ ಎರಡು ತಂತಿಯ ಜಾಲದಲ್ಲಿ ನಡೆಯುತ್ತದೆ, ಬಾಷ್ ಕಂಪನಿ 1986ರಲ್ಲಿ ಜಗತ್ತಿಗೆ ತೋರಿಸಿದ್ದು. ಸನ್‌ರೂಫ್, ವೈಪರ್ ಥರದ ಚಿಲ್ಲರೆ ಕೆಲಸಗಳಿಗೆ ಸಾಮಾನ್ಯವಾಗಿ ಲಿನ್ ಎಂಬ ಒಂದೇ ತಂತಿಯ ಅಗ್ಗದ ಜಾಲ. ಅದರಲ್ಲಿ ಒಬ್ಬ ಯಜಮಾನ ಮಾಡ್ಯೂಲ್ ಪ್ರಶ್ನೆ ಕೇಳುತ್ತಾನೆ, ಉಳಿದವರು ತಮ್ಮ ಸರದಿ ಬಂದಾಗ ಉತ್ತರ ಕೊಡಬೇಕು. ಉತ್ತರ ಬರದಿದ್ದರೆ ಯಜಮಾನ ಆ ಕೋಡ್ ಬರೆದಿಡುತ್ತಾನೆ. ಅಷ್ಟೇ.

ಊರಿಗೆ ಫೋನ್ ಮಾಡಿದಾಗ ಅಮ್ಮ ಎತ್ತಲಿಲ್ಲ ಅಂದುಕೊಳ್ಳಿ. ಲೈನ್ ಕಡಿದಿರಬಹುದು, ತೋಟಕ್ಕೆ ಹೋಗಿರಬಹುದು, ಮೊಬೈಲಿನಲ್ಲಿ ಚಾರ್ಜ್ ಇಲ್ಲದಿರಬಹುದು. ಎತ್ತಲಿಲ್ಲ ಅಂದಮಾತ್ರಕ್ಕೆ ಕೆಟ್ಟದ್ದನ್ನೇ ಯೋಚಿಸುತ್ತೇವೆಯೇ? ಪಕ್ಕದ ಮನೆಗೆ ಫೋನ್ ಮಾಡಿ ವಿಚಾರಿಸುತ್ತೇವೆ ತಾನೆ. ಕಾರಿನಲ್ಲೂ ಹಾಗೆ ವಿಚಾರಿಸಬೇಕು.

ನಾವಿರುವ ತಿರುವೊಟ್ಟಿಯೂರಿನಲ್ಲಂತೂ ವಿಚಾರಿಸಲೇಬೇಕು. ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಬಂದರಿಗೆ ಹೋಗುವ ಕಂಟೇನರ್ ಲಾರಿಗಳ ಧೂಳು. ಸನ್‌ರೂಫಿನ ಚೌಕಟ್ಟಿಗೆ ಬಿದ್ದ ಮಳೆನೀರು ಮೂಲೆಗಳಲ್ಲಿರುವ ಸಣ್ಣ ಕೊಳವೆಗಳ ಮೂಲಕ ಕೆಳಗಿಳಿದು ಹೊರಗೆ ಹೋಗಬೇಕು. ಧೂಳು ಕಟ್ಟಿ ಆ ಕೊಳವೆ ಮುಚ್ಚಿದರೆ ಐಪ್ಪಸಿ-ಕಾರ್ತಿಕೆಯ ಮಳೆನೀರು ಒಳಗೇ ಇಳಿದು ಕನೆಕ್ಟರುಗಳ ಮೇಲೆ ನಿಲ್ಲುತ್ತದೆ. ಜೊತೆಗೆ ಉಪ್ಪು ಗಾಳಿ. ತಾಮ್ರಕ್ಕೆ ಹಸಿರು ಕಿಲುಬು ಹಿಡಿಯಲು ಇನ್ನೇನು ಬೇಕು? 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದ ನೀರಿನಲ್ಲಿ ನಿಂತ ಕಾರುಗಳ ಕಥೆ ಬೇರೆ ಹೇಳಬೇಕಿಲ್ಲ.

ನಮ್ಮ ಬೀದಿಯ ಒಂದು ಕಾರಿಗೆ ಒಂದು ಕಡೆ ಮಾಡ್ಯೂಲೂ ಮೋಟರೂ ಸೇರಿ 28 ಸಾವಿರದ ಎಸ್ಟಿಮೇಟ್ ಕೊಟ್ಟಿದ್ದರು. ಓನರು ಅದನ್ನು ಹತ್ತಿರದ ಎಲೆಕ್ಟ್ರಿಷಿಯನ್ ಅಣ್ಣನ ಶೆಡ್ಡಿಗೆ ಒಯ್ದರು. ಆತ ಮೊದಲು ಫ್ಯೂಸ್ ನೋಡಿದ. ಆಮೇಲೆ ಸನ್‌ರೂಫ್ ಮಾಡ್ಯೂಲಿಗೆ ಕರೆಂಟ್ ಬರುತ್ತಿದೆಯೇ, ಅರ್ತಿಂಗ್ ಸರಿಯಿದೆಯೇ ಅಂತ ನೋಡಿದ. ಅರ್ತಿಂಗನ್ನು ಸುಮ್ಮನೆ ಮೀಟರಿನ ಓಮ್ಸಿನಲ್ಲಿ ಅಳೆದರೆ ಸಾಲದು, ಒಂದೇ ಎಳೆ ಉಳಿದಿದ್ದರೂ ಮೀಟರ್ ಸರಿ ಅನ್ನುತ್ತದೆ. ಬಲ್ಬ್ ಹಾಕಿ ಭಾರ ಕೊಟ್ಟಾಗಲೇ ಬಣ್ಣ ಬಯಲಾಗೋದು. ಇಲ್ಲಿ ಆದದ್ದೂ ಅದೇ, ಬಲ್ಬ್ ಮಂಕಾಯಿತು. ಕಿಲುಬು ಹಿಡಿದ ತುದಿ ಕತ್ತರಿಸಿ ಹೊಸದು ಹಾಕಿ, ಕೊಳವೆಗಳನ್ನೂ ಬಿಡಿಸಿದ. ಸನ್‌ರೂಫ್ ತೆರೆಯಿತು. ಅರ್ಧ ದಿನದ ಕೂಲಿ ತಗೊಂಡ, ನ್ಯಾಯವಾಗಿಯೇ.

ಕರೆಂಟು, ಅರ್ತಿಂಗ್ ಎರಡೂ ಸರಿಯಿದ್ದರೆ ಲಿನ್ ತಂತಿಯನ್ನು ಅಳೆಯಬೇಕು. ಸುಮ್ಮನಿದ್ದಾಗ ಅದರಲ್ಲಿ ಬ್ಯಾಟರಿಯ ಹತ್ತಿರ ಹತ್ತಿರ 12 ವೋಲ್ಟ್ ಇರುತ್ತದೆ, ಮಾತು ನಡೆಯುವಾಗ ಏರಿಳಿಯುತ್ತದೆ. ಸೊನ್ನೆಯಲ್ಲೇ ಕೂತಿದ್ದರೆ ಎಲ್ಲೋ ಬಾಡಿಗೆ ತಗುಲಿದೆ, ಇಲ್ಲವೇ ಅದೇ ತಂತಿಯ ಇನ್ಯಾವುದೋ ಮಾಡ್ಯೂಲ್ ಎಳೆದುಕೊಂಡಿದೆ. ಒಂದೊಂದೇ ಕನೆಕ್ಟರ್ ಬಿಚ್ಚಿದರೆ ಕಳ್ಳ ಸಿಕ್ಕುತ್ತಾನೆ. ಕಾರು ಎಚ್ಚರವಿದ್ದೂ 12ರಲ್ಲೇ ಅಲ್ಲಾಡದೆ ನಿಂತಿದ್ದರೆ ಯಜಮಾನನೇ ಕೇಳುತ್ತಿಲ್ಲ, ಅಥವಾ ನಡುವೆ ತಂತಿ ಕಡಿದಿದೆ. ಇಷ್ಟೆಲ್ಲ ಸರಿಯಿದ್ದೂ ಉತ್ತರ ಬರದಿದ್ದರೆ ಆಗ ಮಾಡ್ಯೂಲ್ ಬದಲಾಯಿಸಿ, ಬೇಡ ಅನ್ನೋರು ಯಾರು?

ಆದರೆ ಆ ಶೆಡ್ಡಿನ ಅಣ್ಣನಂಥವರ ಕೈಗೆ ವೈರಿಂಗ್ ನಕ್ಷೆ ಸುಲಭಕ್ಕೆ ಸಿಗೋದಿಲ್ಲ. ಬಿಡಿಭಾಗ, ಡಯಾಗ್ನೋಸ್ಟಿಕ್ ಉಪಕರಣಗಳನ್ನು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿದ್ದಕ್ಕೆ ಸಿಸಿಐ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲಿ ಮತ ಹಾಕಿ ಕಾರು ರಿಪೇರಿಯ ಹಕ್ಕು ಪಡೆದರು. ನಮ್ಮಲ್ಲಿ ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿ ಪೋರ್ಟಲ್ಲೂ ತೆರೆಯಿತು, ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಪೋರ್ಟಲ್ ಇದ್ದರೆ ಸಾಲದು, ನಕ್ಷೆ ಶೆಡ್ಡಿಗೆ ತಲುಪಬೇಕು.

ನಮ್ಮ ಕಡೆಯಿಂದಲೂ ಒಂದು ತಪ್ಪಿದೆ ಅನ್ನಿ. ಡಬ್ಬಿಯಲ್ಲಿ ಬರುವ ಹೊಸ ಮಾಡ್ಯೂಲಿಗೆ ಮಾತಾಡದೆ ದುಡ್ಡು ಕೊಡುತ್ತೇವೆ, ಮೂರು ಗಂಟೆ ಹುಡುಕಿ ಕಿಲುಬು ತೆಗೆದವನ ಹತ್ತಿರ ಐನೂರಕ್ಕೆ ಚೌಕಾಸಿ ಮಾಡುತ್ತೇವೆ. ಹುಡುಕೋದೇ ನಿಜವಾದ ಕೆಲಸ. ಮುಂದಿನ ಸಲ ಎಸ್ಟಿಮೇಟ್ ಕೈಗೆ ಬಂದಾಗ ಒಂದು ಪ್ರಶ್ನೆ ಕೇಳಿ: "ಕರೆಂಟು, ಅರ್ತಿಂಗ್, ಲಿನ್ ತಂತಿ, ಮೂರನ್ನೂ ಅಳೆದಿರಾ? ಎಷ್ಟು ಬಂತು, ಬರೆದುಕೊಡಿ." ಅಳೆದವರು ಬರೆದುಕೊಡುತ್ತಾರೆ. ಬರೆದುಕೊಡಲು ಹಿಂಜರಿದರೆ ಗಾಡಿಯ ಕೀ ವಾಪಸ್ ಇಸಿದುಕೊಳ್ಳಿ.