ಕೂವಂ ದಡದಲ್ಲಿ ಕಾವೇರಿ

ಒಸಾಕಾದಲ್ಲಿರುವ ಗೆಳೆಯ ಮೊನ್ನೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ವಿಡಿಯೊ ಕಳಿಸಿದ್ದ. ಯೊದೊ ನದಿಯ ದಡ, ಕೆಂಪಾದ ಎಲೆಗಳು, ಸೇತುವೆಯ ಮೇಲೆ ರೈಲು. ಅಪ್ಪ ಅದನ್ನು ಮೂರು ಸಲ ನೋಡಿ, "ನಾವೂ ಹೊಳೆ ಕಡೆ ಹೋಗಿ ರೈಲು ನೋಡ್ಕೊಂಡ್ ಬರೋಣ ನಡಿ ಮಗ" ಅಂದರು.

ಅಣ್ಣಾ ನಗರದಲ್ಲಿ ಹೊಳೆ ಎಂದರೆ ಕೂವಂ. ನಮ್ಮ ಕಡೆ ಶರದೃತುವಿನಲ್ಲಿ ಆಕಾಶ ತಿಳಿಯಾದರೆ, ಇಲ್ಲಿ ಐಪ್ಪಸಿ ತಿಂಗಳ ಮಳೆ. ಆ ಮಳೆಗೆ ಕೂವಂ ಕೂಡ ಒಂದೆರಡು ದಿನ ಹೊಳೆಯ ಹಾಗೆ ಹರಿಯುತ್ತದೆ. ತಿರುಮಂಗಲಂನಿಂದ ಕೋಯಂಬೇಡಿನ ಕಡೆ ನಡೆದು ಸೇತುವೆ ಹತ್ತಿರ ನಿಂತೆವು. ಕೋಯಂಬೇಡಿನಲ್ಲಿ ತಲೆಯ ಮೇಲೆ ಓಡುವ ಮೆಟ್ರೊ ತಿರುಮಂಗಲಂ ಮುಟ್ಟುವಷ್ಟರಲ್ಲಿ ನೆಲದೊಳಗೆ ಇಳಿದಿರುತ್ತದೆ. "ಬಿಲಕ್ಕೆ ಹೋಗೋ ರೈಲನ್ನ ಏನ್ ನೋಡೋದು?" ಅಂದರು ಅಪ್ಪ.

ಅವರದು ಶ್ರೀರಂಗಪಟ್ಟಣ. ಊರಿನ ಎರಡೂ ಕಡೆ ಕಾವೇರಿ, ಎರಡೂ ಕಡೆ ರೈಲಿನ ಸೇತುವೆ. ಅಮ್ಮ ಹೋದ ಮೇಲೆ ಒಬ್ಬರೇ ಇರುವುದು ಬೇಡವೆಂದು ನಾನೇ ಕರೆತಂದೆ. ಎಂಟು ತಿಂಗಳಾಯಿತು. ಹೇಗಿದ್ದೀರಿ ಎಂದರೆ "ಏನ್ ಕಮ್ಮಿ ಆಗಿದೆ?" ಎನ್ನುತ್ತಾರೆ, ಅಷ್ಟೇ.

ಮರುದಿನ ನಸುಕಿನಲ್ಲಿ ಆಟೊ ಹಿಡಿದು ವಿಲ್ಲಿವಾಕ್ಕಂ ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಲೋಕಲ್ ರೈಲುಗಳ ನಡುವೆ ಒಂದು ಉದ್ದನೆಯ ಗಾಡಿ ನಿಲ್ಲದೆ ಹಾದುಹೋಯಿತು. ಬೋಗಿಯ ಮೇಲಿನ ಫಲಕ ಓದಿ ಅಪ್ಪ ಎದ್ದು ನಿಂತರು. ಮೈಸೂರಿನಿಂದ ಬರುವ ಕಾವೇರಿ ಎಕ್ಸ್‌ಪ್ರೆಸ್! "ನಿನ್ನೆ ರಾತ್ರಿ ನಮ್ಮ ಹೊಳೆ ದಾಟಿದ ಗಾಡಿ ಕಣೋ ಇದು."

ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಾ ಅವರೇ ಮಾತು ತೆಗೆದರು. 2017ರಲ್ಲಿ ಜೋಡಿ ಹಳಿ ಹಾಕಲು ಟಿಪ್ಪು ಕಾಲದ ಮದ್ದಿನ ಮನೆ ಅಡ್ಡ ಬಂದಿತ್ತು. ಅದನ್ನು ಕೆಡವದೆ ಇಡೀ ಕಟ್ಟಡವನ್ನೇ ಜರುಗಿಸಿ ನೂರಕ್ಕೂ ಹೆಚ್ಚು ಮೀಟರ್ ಆಚೆ ಕೂರಿಸಿದರು. ಅಪ್ಪ ದಿನಾ ಹೋಗಿ ನೋಡುತ್ತಿದ್ದರಂತೆ. "ಒಂದೇ ದಿನದಲ್ಲಿ ಎಳೀಲಿಲ್ಲ. ಒಂದಿಷ್ಟು ಸರಿಸೋರು, ನಿಲ್ಲಿಸೋರು, ಸುತ್ತ ನೋಡೋರು. ಆಮೇಲೆ ಮತ್ತೆ ಒಂದಿಷ್ಟು."

ನನಗೆ ಏನು ಹೇಳಬೇಕೋ ತೋಚಲಿಲ್ಲ. ನಾನು ಅವರನ್ನು ಒಂದೇ ರಾತ್ರಿಯಲ್ಲಿ, ಎರಡು ಸೂಟ್‌ಕೇಸಿನ ಸಮೇತ ತಂದಿದ್ದೆ. ನಿಲ್ಲಿಸಿ ನೋಡಿರಲಿಲ್ಲ.

ಮನೆಗೆ ಬಂದು ಅದೇ ಗಾಡಿಗೆ ಮೂರು ಟಿಕೆಟ್ ಮಾಡಿಸಿದೆ. ಚೆನ್ನೈ ಬಿಡುವುದು ರಾತ್ರಿ. ಶ್ರೀರಂಗಪಟ್ಟಣ ಬರುವಾಗ ಬೆಳಗಾಗುತ್ತಿರುತ್ತದೆ. ಮೊಮ್ಮಗಳನ್ನು ಯಾವ ಕಿಟಕಿಯ ಬಳಿ ಕೂರಿಸಿದರೆ ಹೊಳೆ ಚೆನ್ನಾಗಿ ಕಾಣುತ್ತದೆಂದು ತಾತ ಈಗಲೇ ಲೆಕ್ಕ ಹಾಕುತ್ತಿದ್ದಾರೆ. ಹದಿನೈದು ದಿನ ಅಲ್ಲಿದ್ದು ಬರೋಣ ಎಂದಿದ್ದೇನೆ. ವಾಪಸ್ ಟಿಕೆಟ್ ಎಷ್ಟು ಜನಕ್ಕೆ ಎಂದು ಅವರು ಕೇಳಲಿಲ್ಲ. ಅದನ್ನು ನಾನೂ ಇನ್ನೂ ಮಾಡಿಸಿಲ್ಲ.