ಬೇಲಿಯೇ ಎದ್ದು ಹೊಲ ಮೇಯ್ದಾಗ

ವಯಸ್ಸಾದ ಮೇಲೆ ಹಲ್ಲು ಬೀಳುವುದು ಸಹಜವೆಂದು ನಮ್ಮ ಹುಲಿಕಲ್ ಕಡೆಯ ಹಿರಿಯರ ನಂಬಿಕೆ. ನಮ್ಮಜ್ಜಿಗೆ ಅರವತ್ತು ತುಂಬುವ ಮೊದಲೇ ಬಾಯಿ ಬೋಳಾಯಿತು. ಅದನ್ನು ಯಾರೂ ರೋಗವೆನ್ನಲಿಲ್ಲ. ಈ ನಂಬಿಕೆಯನ್ನು ತಿದ್ದುವ ಹೊಣೆ, ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರದೆಂದು ನನ್ನ ನಮ್ರ ಅಭಿಪ್ರಾಯ.

ದೊಡ್ಡವರ ಹಲ್ಲು ಬೀಳಲು ವಸಡಿನ ರೋಗವೂ ಒಂದು ಮುಖ್ಯ ಕಾರಣ. ಹಲ್ಲಿನ ಬುಡದಲ್ಲಿ ಕೂಡುವ ಲೋಳೆಯಲ್ಲಿ ಸೂಕ್ಷ್ಮಜೀವಿಗಳು ಬೀಡುಬಿಡುತ್ತವೆ. ಅವನ್ನು ತಡೆಯಲು ನ್ಯೂಟ್ರೋಫಿಲ್ ಎಂಬ ಬಿಳಿಯ ರಕ್ತಕಣಗಳು ವಸಡಿಗೆ ಧಾವಿಸುತ್ತವೆ. ಶತ್ರುವನ್ನು ನುಂಗುವ ಇಂಥ ಕಣಗಳನ್ನು 1882ರಲ್ಲಿ ನಕ್ಷತ್ರಮೀನಿನ ಮರಿಗಳಲ್ಲಿ ಕಂಡ ಮೆಚ್ನಿಕಾಫನು 1908ರ ನೊಬೆಲ್ ಪಾರಿತೋಷಕವನ್ನು ಎರ್ಲಿಖ್‌ನೊಡನೆ ಹಂಚಿಕೊಂಡನು.

ಲೋಳೆಯನ್ನು ತೆಗೆಯದಿದ್ದರೆ ಈ ಯುದ್ಧಕ್ಕೆ ಕೊನೆಯೇ ಇಲ್ಲ. ಕಾವಲುಕಣಗಳು ಚೆಲ್ಲುವ ಕಿಣ್ವಗಳು ಹಲ್ಲನ್ನು ಹಿಡಿದಿರುವ ನಾರುಗಳನ್ನೇ ಕೊರೆಯುತ್ತವೆ. ಲಿಂಫೋಸೈಟುಗಳ ಸಂಕೇತದಿಂದ ಎಲುಬನ್ನು ಕರಗಿಸುವ ಕಣಗಳು ಎಚ್ಚರಗೊಳ್ಳುತ್ತವೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಹಾಗೆಂದು ಬೇಲಿಯನ್ನು ಕಿತ್ತೊಗೆಯಲಾಗದು: ಹುಟ್ಟಿನಿಂದಲೇ ಈ ಕಣಗಳ ಕೊರತೆಯುಳ್ಳ ಮಕ್ಕಳು ಎಳೆಯ ವಯಸ್ಸಿನಲ್ಲೇ ಹಲ್ಲು ಕಳೆದುಕೊಳ್ಳುವುದುಂಟು. ಆದುದರಿಂದ ಶತ್ರುವಿಗೆ ಬೀಡುಬಿಡಲು ಎಡೆಗೊಡದಿರುವುದೇ ಉಪಾಯ.

1965ರಲ್ಲಿ ಡೆನ್ಮಾರ್ಕಿನಲ್ಲಿ ಲೋ ಮತ್ತು ಸಂಗಡಿಗರು ಹನ್ನೆರಡು ಮಂದಿಯಿಂದ ಹಲ್ಲುಜ್ಜುವುದನ್ನು ನಿಲ್ಲಿಸಿ ನೋಡಿದರು. 10ರಿಂದ 21 ದಿನಗಳಲ್ಲಿ ಎಲ್ಲರ ವಸಡಿಗೂ ಉರಿಯೂತ ಹತ್ತಿತು. ಮತ್ತೆ ಉಜ್ಜತೊಡಗಿದಾಗ ಇಳಿಯಿತು. ಆದರೆ ಕರಗಿದ ಎಲುಬು ತಾನಾಗಿ ಮರಳಿ ಬೆಳೆಯುವುದಿಲ್ಲ. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕೊಳೆರೋಗ ಬಂದ ಮೇಲಲ್ಲ, ಮಳೆ ಹಿಡಿಯುವ ಮುನ್ನವೇ ಅಡಿಕೆಗೊನೆಗೆ ಮೈಲುತುತ್ತ-ಸುಣ್ಣದ ಔಷಧಿ ಹೊಡೆಯುವವರು ಅವರು. ಗೊನೆಗೆ ಸಲ್ಲುವ ಮುಂಜಾಗ್ರತೆ ಬಾಯಿಗೆ ಏಕೆ ಸಲ್ಲಬಾರದು?

ಹೇಳಲು ಕಷ್ಟವಾದ ಮಾತೊಂದಿದೆ. ಕವಳದ ಹೊಗೆಸೊಪ್ಪು ವಸಡಿಗೆ ಶತ್ರು. ಬೀಡಿ ಸೇದುವವರ ವಸಡಿನಲ್ಲಿ ರಕ್ತ ಕಡಮೆ ಒಸರುವುದರಿಂದ ರೋಗವು ಮರೆಯಲ್ಲೇ ಬೆಳೆಯುತ್ತದೆ. ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ 2004ರ ವರದಿ ಸಾರಿತು. ನನ್ನ ಕಾಲೇಜಿನ ಶುಲ್ಕ ಬಂದದ್ದು ನನ್ನ ತಾಯಿ ಅಡಿಕೆ ಸುಲಿದ ಕೂಲಿಯಿಂದ. ಅನ್ನ ಕೊಟ್ಟ ಬೆಳೆಯೆಂದು ಸತ್ಯವನ್ನು ಮುಚ್ಚಿಟ್ಟರೆ ಅದು ಕೃತಜ್ಞತೆಯಲ್ಲ. ಆ ಕೂಲಿಯಿಂದ ದೊರೆತ ವಿದ್ಯೆಗೇ ಅಪಚಾರ.

ಇದೆಲ್ಲ ವೈದ್ಯರ ಕೆಲಸ, ಕಲಾವಿಭಾಗದವರಿಗೇಕೆ ಎನ್ನಬಹುದು. ವೈದ್ಯರು ಬಾಯಿ ತೆರೆಸಿ ನೋಡಬಲ್ಲರು. ಅವರ ಬಳಿಗೆ ಹೋಗಬೇಕೆಂಬ ಬುದ್ಧಿಯನ್ನು ಮನೆಯ ಮಾತಿನಲ್ಲಿ ಹೇಳಬಲ್ಲವರು ನಾವೇ. ಮಿತ್ರರೇ, ಈ ರಜೆಯಲ್ಲಿ ಊರಿಗೆ ಹೋದಾಗ ಹಿರಿಯರನ್ನು ಒಂದೇ ಪ್ರಶ್ನೆ ಕೇಳಿರಿ: “ಹಲ್ಲುಜ್ಜುವಾಗ ರಕ್ತ ಬರುತ್ತದೆಯೇ?”