ವರ್ಗಾವಣೆಯಿಲ್ಲದ ಹಕ್ಕಿಗಳು

ಚೆನ್ನೈ ಮಹಾನಗರದಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಅಂಡಮಾನ್ ದ್ವೀಪಗಳು ಅಷ್ಟೇನೂ ದೂರವಲ್ಲ. ವಿಮಾನದಲ್ಲಿ ಎರಡೂವರೆ ಗಂಟೆ. ಹಡಗನ್ನೇರಿದರೆ ಸುಮಾರು ಮೂರು ದಿನ. ಕಚೇರಿಗಳು ನೀಡುವ ರಜಾ ಪ್ರಯಾಣ ಸೌಲಭ್ಯವನ್ನು ಬಳಸಿಕೊಂಡು ನಮ್ಮ ಬಳಗದ ಅನೇಕ ಕುಟುಂಬಗಳು ಅಲ್ಲಿಗೆ ಹೋಗಿಬಂದಿವೆ. ಹೋಗಿಬಂದವರು ಹೇಳುವ ವೃತ್ತಾಂತ ಮಾತ್ರ ಬಹುಮಟ್ಟಿಗೆ ಒಂದೇ: ಸೆಲ್ಯುಲರ್ ಜೈಲು, ೧೮೮೩ರಲ್ಲಿ ಆರಂಭವಾದ ಛಾಥಮ್ ಮರದ ಕಾರ್ಖಾನೆ, ೨೦೧೮ರಿಂದ ಸ್ವರಾಜ್ ದ್ವೀಪವೆಂದು ಕರೆಯಲ್ಪಡುವ ಹ್ಯಾವ್ಲಾಕಿನ ಬಿಳಿಮರಳು. ಇವೆಲ್ಲವೂ ನೋಡತಕ್ಕವೇ, ಸಂದೇಹವಿಲ್ಲ. ಆದರೆ ಮರ ಕೊಯ್ಯುವ ಕಾರ್ಖಾನೆಯನ್ನು ನೋಡಿ, ಆ ಮರ ಬೆಳೆದ ಕಾಡನ್ನೂ ಅದರಲ್ಲಿ ವಾಸಿಸುವ ಹಕ್ಕಿಗಳನ್ನೂ ನೋಡದೆ ಹಿಂತಿರುಗುವ ಪ್ರವಾಸ ಅರ್ಧ ಪ್ರವಾಸವೆಂದು ನನ್ನ ಅಭಿಪ್ರಾಯ.

ಪ್ರಪಂಚದಲ್ಲಿ ಬೇರೆಲ್ಲಿಯೂ ಕಾಣಸಿಗದ ಇಪ್ಪತ್ತಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಸ್ತೋಮದಲ್ಲಿವೆ. ಸುತ್ತಲೂ ಕಡಲು ಕಾವಲು ನಿಂತದ್ದರಿಂದ ಅವು ಮುಖ್ಯನೆಲದ ತಮ್ಮ ಬಂಧುಬಳಗದಿಂದ ಅಗಲಿ, ಕಾಲಕ್ರಮದಲ್ಲಿ ಬೇರೆಯೇ ಜಾತಿಗಳಾದವು. ನಮ್ಮ ಮಲೆನಾಡಿನ ಕಾಡುಗಳಲ್ಲಿ ಬಿಳಿಹೊಟ್ಟೆಯ ದೊಡ್ಡ ಕಪ್ಪು ಮರಕುಟಿಗವಿದೆಯಷ್ಟೆ. ಅಂಡಮಾನಿನ ಮರಕುಟಿಗ ಅದರ ದಾಯಾದಿಯಂತಿದ್ದರೂ ಹೊಟ್ಟೆಯೂ ಕಪ್ಪೇ. ನಮ್ಮೂರಿನ ಕೆಂಬೂತಕ್ಕೆ ಮಿರುಗುವ ಕಪ್ಪು ಮೈ. ಅಲ್ಲಿಯದಕ್ಕೆ ಮಾಸಲು ಕಂದು. ಮುಂದೆ ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಒಬ್ಬರಾದ ಎ. ಓ. ಹ್ಯೂಮ್ ಅವರು ೧೮೭೩ರಲ್ಲಿ ಈ ದ್ವೀಪಗಳನ್ನು ಸುತ್ತಿ ಹಕ್ಕಿಗಳನ್ನು ಅಭ್ಯಸಿಸಿದರು. ಅಲ್ಲಿಯ ಒಂದು ಗೂಬೆಗೆ ಇಂದಿಗೂ ಅವರದೇ ಹೆಸರು.

ಇವನ್ನು ನೋಡಲು ದುರ್ಗಮ ಅರಣ್ಯವನ್ನು ಹೊಗಬೇಕಾಗಿಲ್ಲ. ೨೦೨೪ರಲ್ಲಿ ಶ್ರೀ ವಿಜಯ ಪುರಂ ಎಂದು ಹೆಸರು ಬದಲಾದ ಪೋರ್ಟ್ ಬ್ಲೇರಿನಿಂದ ದಕ್ಷಿಣಕ್ಕೆ ಸುಮಾರು ೨೫ ಕಿಲೋಮೀಟರ್ ಸಾಗಿದರೆ ಚಿಡಿಯಾ ಟಾಪು. ಹಿಂದಿಯಲ್ಲಿ ಹಕ್ಕಿಗಳ ದ್ವೀಪವೆಂದೇ ಅರ್ಥ. ಪ್ರವಾಸಿಗಳು ಅಲ್ಲಿಗೆ ಸೂರ್ಯಾಸ್ತ ನೋಡಲು ಹೋಗಿ, ಸೂರ್ಯ ಮುಳುಗಿದೊಡನೆ ವಾಹನ ಹತ್ತುತ್ತಾರೆ. ಅರ್ಧ ತಾಸು ಹೆಚ್ಚು ನಿಂತವರಿಗೆ ಆ ಕಾಡಿನ ಗೂಬೆಗಳ ದನಿ ಕೇಳಿಸುತ್ತದೆ. ಇನ್ನು ಛಾಥಮ್‌ನಿಂದ ದೋಣಿಯಲ್ಲಿ ಕೊಲ್ಲಿಯನ್ನು ದಾಟಿದರೆ ಮೌಂಟ್ ಹ್ಯಾರಿಯೆಟ್ ರಾಷ್ಟ್ರೀಯ ಉದ್ಯಾನ. ೧೮೯೧ರ ಯುದ್ಧಾನಂತರ ಅಲ್ಲಿಗೆ ಗಡೀಪಾರಾದ ಮಣಿಪುರದ ವೀರರ ನೆನಪಿಗಾಗಿ ೨೦೨೧ರಲ್ಲಿ ಅದಕ್ಕೆ ಮೌಂಟ್ ಮಣಿಪುರ ಎಂದು ಹೆಸರಿಟ್ಟರು. ಈ ಗುಡ್ಡವನ್ನು ನೀವೆಲ್ಲರೂ ಕಂಡಿದ್ದೀರಿ: ಹಳೆಯ ಕೆಂಪು ಇಪ್ಪತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ತೆಂಗಿನ ಮರಗಳೊಡನೆ ಅಚ್ಚಾಗಿರುವ ದೃಶ್ಯ ಅದರದೇ. ಅಂಥ ನೋಟುಗಳನ್ನು ಕಟ್ಟುಗಟ್ಟಲೆ ಎಣಿಸಿದ ನಾವು ಬ್ಯಾಂಕಿನವರು ಆ ಗುಡ್ಡದ ಹಕ್ಕಿಗಳನ್ನು ಎಣಿಸಲು ಒಂದು ಬೆಳಗನ್ನು ಮೀಸಲಿಟ್ಟರೆ ತಪ್ಪೇನು?

ಮೂರನೆಯದು ಸಿಪ್ಪಿಘಾಟ್. ೨೦೦೪ರ ಡಿಸೆಂಬರ್ ೨೬ರ ಭೂಕಂಪದಲ್ಲಿ ದಕ್ಷಿಣ ಅಂಡಮಾನಿನ ನೆಲ ಕುಸಿಯಿತು. ಗದ್ದೆಗಳಿಗೆ ನುಗ್ಗಿದ ಉಪ್ಪುನೀರು ಅಲ್ಲಿಯೇ ನಿಂತಿತು. ರೈತರು ಭೂಮಿ ಕಳೆದುಕೊಂಡ ಆ ಸ್ಥಳ ಇಂದು ನೀರುಹಕ್ಕಿಗಳ ಆಶ್ರಯ. ಕಣ್ಣ ಸುತ್ತ ಬಿಳಿ ಉಂಗುರ ತೊಟ್ಟ ಅಂಡಮಾನ್ ಬಾತು ಅಲ್ಲಿಯ ಕಾಯಂ ನಿವಾಸಿ. ಚಳಿಗಾಲದಲ್ಲಿ ಉತ್ತರದ ಶೀತದೇಶಗಳಿಂದ ಬರುವ ಕಡಲಹಕ್ಕಿಗಳು ಅದರ ಅತಿಥಿಗಳು.

ಈ ನಿವಾಸಿ ಮತ್ತು ಅತಿಥಿಗಳ ವ್ಯತ್ಯಾಸವೇ ನನ್ನ ಲೇಖನದ ಹುರುಳು. ನಾವೂ ವಲಸೆಯ ಹಕ್ಕಿಗಳೇ. ಒಂದೂರಿನಲ್ಲಿ ಅನ್ನಕ್ಕೆ ಸಂಚಕಾರ ಬಂದರೆ ಮತ್ತೊಂದೂರಿಗೆ ಹೋಗುತ್ತೇವೆ. ವರ್ಗಾವಣೆಯ ಆದೇಶ ಬಂದರೆ ಗೊಣಗುತ್ತಲೇ ಪೆಟ್ಟಿಗೆ ಕಟ್ಟುತ್ತೇವೆ. ಹೋದಲ್ಲಿ ಒಂದು ಸಂಘ ಕಟ್ಟಿ ರಾಜ್ಯೋತ್ಸವ ಆಚರಿಸುತ್ತೇವೆ. ದ್ವೀಪದ ಹಕ್ಕಿಗೆ ಈ ಅನುಕೂಲವಿಲ್ಲ. ಅದರ ಮರ ಉರುಳಿದರೆ ಅದು ಸೇರಬಹುದಾದ ಇನ್ನೊಂದು ಶಾಖೆಯಿಲ್ಲ. ಮಾರಿಷಸ್ ದ್ವೀಪದ ಡೋಡೋ ಹಕ್ಕಿ ಹದಿನೇಳನೆಯ ಶತಮಾನದಲ್ಲಿ ಹೀಗೆಯೇ ಇಲ್ಲವಾಯಿತು.

ನಾರ್ಕೊಂಡಮ್ ಎಂಬ ಜ್ವಾಲಾಮುಖಿ ದ್ವೀಪವನ್ನೇ ನೋಡಿ. ಅದರ ವಿಸ್ತಾರ ಸುಮಾರು ಏಳು ಚದರ ಕಿಲೋಮೀಟರ್. ದಾಂಡೇಲಿಯ ಕಾಡುಗಳಲ್ಲಿ ನಾವು ಕಾಣುವ ಮಂಗಟ್ಟೆ ಹಕ್ಕಿಯ ಒಂದು ಜಾತಿ ಜಗತ್ತಿನಲ್ಲೆಲ್ಲ ಆ ದ್ವೀಪವೊಂದರಲ್ಲಿ ಮಾತ್ರವಿದೆ. ಹೆಣ್ಣು ಹಕ್ಕಿ ಹಳೆಯ ಮರದ ಪೊಟರೆಯೊಳಗೆ ತನ್ನನ್ನು ತಾನೇ ಮುಚ್ಚಿಕೊಂಡು ಮೊಟ್ಟೆಯಿಡುತ್ತದೆ. ಗಂಡು ಹೊರಗಿನಿಂದ ಹಣ್ಣು ತಂದುಣಿಸುತ್ತದೆ. ಅಂದರೆ ಅದಕ್ಕೆ ಬೇಕಾದದ್ದು ದೊಡ್ಡ, ಮುದಿ ಮರ. ಅಲ್ಲಿ ರೇಡಾರ್ ಸ್ಥಾಪಿಸುವ ಪ್ರಸ್ತಾಪವನ್ನು ಕೇಂದ್ರ ಪರಿಸರ ಸಚಿವಾಲಯ ೨೦೧೨ರಲ್ಲಿ ನಿರಾಕರಿಸಿತು, ೨೦೧೪ರಲ್ಲಿ ಒಪ್ಪಿತು.

ಇದಕ್ಕಿಂತ ದೊಡ್ಡ ಪ್ರಶ್ನೆ ಗ್ರೇಟ್ ನಿಕೋಬಾರಿನದು. ಅಲ್ಲಿಯ ಮೆಗಾಪೋಡ್ ಹಕ್ಕಿ ಕಾವು ಕೊಡುವುದಿಲ್ಲ. ಕಡಲತೀರದ ಕಾಡಿನಲ್ಲಿ ಮಣ್ಣು, ಎಲೆಗಳ ದಿಬ್ಬ ಮಾಡಿ ಮೊಟ್ಟೆಗಳನ್ನು ಅದರೊಳಗೆ ಹೂಳುತ್ತದೆ; ಎಲೆ ಕೊಳೆಯುವ ಬಿಸಿಯಲ್ಲಿಯೇ ಮರಿಯಾಗುತ್ತದೆ. ೨೦೦೪ರ ಸುನಾಮಿ ಇಂಥ ಅನೇಕ ದಿಬ್ಬಗಳನ್ನು ಕೊಚ್ಚಿಕೊಂಡು ಹೋಯಿತು. ತರುವಾಯ ೨೦೨೧ರ ಜನವರಿಯಲ್ಲಿ ಗಲಾಥಿಯಾ ಕೊಲ್ಲಿಯ ಅಭಯಾರಣ್ಯ ಮಾನ್ಯತೆಯನ್ನು ತೆಗೆಯಲು ನಿರ್ಧರಿಸಲಾಯಿತು. ೨೦೨೨ರಲ್ಲಿ ಬಂದರು, ವಿಮಾನನಿಲ್ದಾಣ, ವಿದ್ಯುತ್ ಸ್ಥಾವರ ಮತ್ತು ಹೊಸ ನಗರದ ಯೋಜನೆಗೆ ಸುಮಾರು ೧೩೦ ಚದರ ಕಿಲೋಮೀಟರ್ ಅರಣ್ಯವನ್ನು ಬಿಟ್ಟುಕೊಡಲು ಅನುಮತಿ ದೊರೆಯಿತು. ಪರಿಹಾರವಾಗಿ ಹರಿಯಾಣದಲ್ಲಿ ಗಿಡ ನೆಡುವುದೆಂದು ಗೊತ್ತುಮಾಡಲಾಯಿತು.

ವಾಣಿಜ್ಯಶಾಸ್ತ್ರದ ಮೊದಲ ವರ್ಷದಲ್ಲಿಯೇ ಕಲಿಸುವ ಪಾಠವೊಂದಿದೆ: ಒಬ್ಬರ ಖಾತೆಗೆ ಸಲ್ಲಬೇಕಾದ ಹಣವನ್ನು ಮತ್ತೊಬ್ಬರ ಖಾತೆಗೆ ಜಮಾ ಮಾಡಿದರೂ ತಾಳೆಪಟ್ಟಿ ಸರಿಹೊಂದುತ್ತದೆ, ಆದರೆ ಲೆಕ್ಕ ತಪ್ಪೇ. ಹರಿಯಾಣದ ಸಸಿಗಳ ಬುಡದಲ್ಲಿ ಮೆಗಾಪೋಡ್ ದಿಬ್ಬ ಕಟ್ಟಲಾರದು.

ದೇಶದ ರಕ್ಷಣೆ ಬೇಡವೇ, ದ್ವೀಪವಾಸಿಗಳಿಗೆ ಆಸ್ಪತ್ರೆ, ಉದ್ಯೋಗ ಬೇಡವೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಖಂಡಿತವಾಗಿ ಬೇಕು. ಆದರೆ ಸಾಲದ ಅರ್ಜಿಯನ್ನು ಪರಿಶೀಲಿಸುವಾಗ ಬರುವ ಆದಾಯದೊಡನೆ ಒತ್ತೆಯಿಟ್ಟ ಸ್ವತ್ತಿನ ಬೆಲೆಯನ್ನೂ ಕೇಳುವುದು ನಮ್ಮ ಪದ್ಧತಿ. ಒತ್ತೆಯ ಸ್ವತ್ತು ಮರಳಿ ಬಾರದ್ದಾದರೆ ಎಚ್ಚರಿಕೆ ಇಮ್ಮಡಿಯಾಗಬೇಕು. ಹಕ್ಕಿಯ ಬೆಲೆ ಸೊನ್ನೆಯೆಂದು ಬರೆದ ಪತ್ರದ ಮೇಲೆ ಮಂಜೂರಾತಿಯ ಸಹಿ ಬೀಳಬಾರದು.

ಹಕ್ಕಿಯ ಉಳಿವಿಗೂ ಮನುಷ್ಯನ ಅನ್ನಕ್ಕೂ ವೈರವಿರಲೇಬೇಕೆಂದಿಲ್ಲ ಎಂಬುದಕ್ಕೆ ಅಂಡಮಾನಿನಲ್ಲಿಯೇ ನಿದರ್ಶನವಿದೆ. ಜೊಲ್ಲಿನಿಂದ ಬಿಳಿಗೂಡು ಕಟ್ಟುವ ಒಂದು ಪುಟ್ಟ ಹಕ್ಕಿಯ ಗೂಡಿಗೆ ವಿದೇಶಗಳಲ್ಲಿ ಸೂಪಿನ ಸಲುವಾಗಿ ಭಾರೀ ಬೆಲೆಯುಂಟು. ಗವಿಗಳಿಂದ ಗೂಡುಗಳನ್ನು ಕಿತ್ತು ಮಾರುತ್ತಿದ್ದರು. ೨೦೦೯ರಲ್ಲಿ ನಿಧನರಾದ ಪಕ್ಷಿವಿಜ್ಞಾನಿ ಡಾ. ರವಿ ಶಂಕರನ್ ಅವರ ಪ್ರಯತ್ನದಿಂದ, ಅರಣ್ಯ ಇಲಾಖೆಯ ಸಹಕಾರದೊಡನೆ, ಗೂಡು ಕೀಳುತ್ತಿದ್ದವರನ್ನೇ ಗವಿಗಳ ಕಾವಲಿಗೆ ನೇಮಿಸಲಾಯಿತು. ಹಕ್ಕಿಯೂ ಉಳಿಯಿತು, ಅವರ ಜೀವನವೂ ನಡೆಯಿತು.

ಪ್ರವಾಸಿಗಳಾದ ನಮ್ಮ ಪಾತ್ರವೂ ಇಲ್ಲಿಯೇ ಇದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲದಲ್ಲಿ ಹೋಗುವವರು ಐದು ದಿನಗಳಲ್ಲಿ ಎರಡು ಬೆಳಗನ್ನಾದರೂ ಹಕ್ಕಿಗಳಿಗೆ ಕೊಡಬೇಕು. ಸ್ಥಳೀಯ ಮಾರ್ಗದರ್ಶಕನನ್ನು ಗೊತ್ತುಮಾಡಿಕೊಂಡು ಅವನಿಗೆ ಸಲ್ಲಬೇಕಾದ ಹಣವನ್ನು ಚೌಕಾಸಿ ಮಾಡದೆ ಕೊಡಬೇಕು. ಕಾಡು ಉಳಿದರೆ ತನ್ನ ಮನೆಯೂ ಉಳಿದೀತೆಂದು ಅವನಿಗೆ ಅನಿಸಿದರೆ ಅದಕ್ಕಿಂತ ಒಳ್ಳೆಯ ಕಾವಲಿಲ್ಲ. ಗೂಬೆಯನ್ನು ಹೊರಗೆಳೆಯಲು ಅದರ ಧ್ವನಿಮುದ್ರಣವನ್ನು ಮತ್ತೆ ಮತ್ತೆ ನುಡಿಸುವ ಚಾಳಿಯನ್ನು ಮಾತ್ರ ಬೇಡವೆನ್ನಬೇಕು. ಇಲ್ಲದ ವೈರಿಯನ್ನು ಹುಡುಕಿ ಹಕ್ಕಿ ಬಳಲುತ್ತದೆ. ತುಂಬುತೋಳಿನ ಅಂಗಿ ತೊಟ್ಟು ಸೊಳ್ಳೆಯಿಂದ ಕಾಪಾಡಿಕೊಳ್ಳಿ. ಉಪ್ಪುನೀರಿನ ಮೊಸಳೆಗಳಿರುವುದರಿಂದ ಎಚ್ಚರಿಕೆಯ ಫಲಕವಿರುವಲ್ಲಿ ನೀರಿಗಿಳಿಯಬೇಡಿ.

ಈ ಸಂಚಿಕೆಯ ವೈದ್ಯಮಿತ್ರರು ನಮಗೆ ಬೆಳಗಿನ ನಡಿಗೆಯನ್ನು ವಿಧಿಸುತ್ತಲೇ ಇರುತ್ತಾರೆ. ಪಕ್ಷಿವೀಕ್ಷಣೆ ಅದೇ ನಡಿಗೆ. ಗಡಿಯಾರದ ಬದಲು ಮರವನ್ನು ನೋಡುತ್ತ ನಡೆಯುವುದಷ್ಟೇ ವ್ಯತ್ಯಾಸ. ಮಕ್ಕಳನ್ನೂ ಕರೆದೊಯ್ಯಿರಿ. ಪಳ್ಳಿಕರಣೈ ಜೌಗಿನ ಅಂಚಿನಲ್ಲಿ ಒಂದೆರಡು ಭಾನುವಾರ ಅಭ್ಯಾಸ ಮಾಡಿಸಿದರೆ ದ್ವೀಪದಲ್ಲಿ ಕಣ್ಣು ತಾನಾಗಿ ಪಳಗುತ್ತದೆ. ದ್ವೀಪದ ಹಕ್ಕಿ ನಮ್ಮ ಬಳಿಗೆ ಬರಲಾರದು, ಹೋಗಬಲ್ಲವರು ನಾವು. ಹೋದವರು ಹಿಂದಿರುಗಿ ಅದರ ಪರವಾಗಿ ನಾಲ್ಕು ಮಾತನಾಡುವುದು ನಮ್ಮ ಕರ್ತವ್ಯವೆಂದು ತಿಳಿಯೋಣ.